ಅಲ್ ಬರ್ಷಾಕ್ಕೆ ಬಂದ ಚರ್ಚಿನ ಬೀಗದ ಕೈ

ಜೂನ್ ತಿಂಗಳಲ್ಲಿ ದುಬೈಗೆ ಬರುವವರಲ್ಲಿ ಎರಡೇ ಬಗೆ. ಬೇರೆ ದಾರಿ ಇಲ್ಲದವರು ಮತ್ತು ಬಾಣಂತನಕ್ಕೆ ಬರುವ ಅಜ್ಜಿಯರು. ಆ ವರ್ಷ ಅಲ್ ಬರ್ಷಾದ ನಮ್ಮ ಕಟ್ಟಡದ ಒಂದೇ ಮಹಡಿಗೆ ಎರಡೂ ಬಗೆಯವರು ಬಂದಿಳಿದರು.

ಬೇರೆ ದಾರಿ ಇಲ್ಲದೆ ಬಂದವಳು ನನ್ನ ಅಮ್ಮ. ನನ್ನ ಗಂಡನಿಗೆ ಅಬುಧಾಬಿಯ ಶಾಖೆಗೆ ವರ್ಗವಾಗಿತ್ತು. ವಾರವಿಡೀ ಖಾಲಿದಿಯಾದಲ್ಲಿ ಇನ್ನಿಬ್ಬರ ಜೊತೆ ಕೋಣೆ ಹಂಚಿಕೊಂಡಿದ್ದು ಶುಕ್ರವಾರ ಸಂಜೆ ಮನೆಗೆ ಬರುತ್ತಿದ್ದರು. ಅದೇ ಹೊತ್ತಿಗೆ ಉಡುಪಿಯಲ್ಲಿ ನನ್ನ ತಮ್ಮ ಅಡುಗೆಮನೆ ಒಡೆದು ಹೊಸದಾಗಿ ಕಟ್ಟಿಸಲು ಹೊರಟಿದ್ದ. ಅಮ್ಮ ಮನೆಯಲ್ಲಿದ್ದರೆ ಗಾರೆಯವರು ಮೂರೇ ದಿನಕ್ಕೆ ಓಡಿಹೋಗುತ್ತಾರೆಂದು ಅವನಿಗೆ ಗೊತ್ತು. "ಅಕ್ಕ ಅಲ್ಲಿ ಒಬ್ಬಳೇ ಇದ್ದಾಳೆ, ಪಾಪ" ಎಂದು ಹೇಳಿ ವಿಸಿಟ್ ವೀಸಾ ಮಾಡಿಸಿದ. ನಲವತ್ತು ದಾಟಿದ ನನಗೆ ಕಾವಲು ಕಾಯಲು ಅಮ್ಮ ಹಾಗೆ ಬಂದಳು. ಬರುವಾಗ ಉಡುಪಿಯ ಕಪಾಟಿನ ಬೀಗದ ಕೈಗಳ ಗೊಂಚಲನ್ನು ಸೊಂಟಕ್ಕೆ ಸಿಕ್ಕಿಸಿಕೊಂಡೇ ಬಂದಿದ್ದಳು. ಸೊಸೆಯ ಮೇಲೆ ಸಂಶಯವಿಲ್ಲವಂತೆ. "ಅಭ್ಯಾಸ ಅಷ್ಟೇ ಮಾರಾಯ್ತಿ" ಎಂದಳು.

ಬಾಣಂತನಕ್ಕೆ ಬಂದವಳು ಎದುರುಮನೆಯ ಅಜ್ಜಿ. ಎದುರುಮನೆಯಾಕೆ ಸೈಪ್ರಸ್ ದ್ವೀಪದವಳು, ಒಂದು ಹೋಟೆಲಿನ ಆಫೀಸಿನಲ್ಲಿ ಕೆಲಸ. ಅವಳ ಗಂಡ ಹಡಗಿನ ಎಂಜಿನಿಯರ್. ಮಗು ಹುಟ್ಟಿದಾಗಲೂ ಆತ ಯಾವುದೋ ಸಮುದ್ರದ ಮೇಲಿದ್ದ. ಹಾಗಾಗಿ ಅವಳ ತಾಯಿ ಗುಡ್ಡಗಾಡಿನ ತನ್ನ ಹಳ್ಳಿಯಿಂದ, ಆಲಿವ್ ಜಾಡಿಗಳ ಸಮೇತ, ಜೀವನದಲ್ಲಿ ಮೊದಲ ಬಾರಿಗೆ ವಿಮಾನ ಹತ್ತಿ ಬಂದಳು. ಕುಳ್ಳಿ, ವಿಧವೆ, ಅಡಿಯಿಂದ ಮುಡಿಯವರೆಗೆ ಕಪ್ಪು ಬಟ್ಟೆ. ಅವರ ಗ್ರೀಕ್ ಮಾತಿನಲ್ಲಿ ಅಜ್ಜಿಗೆ 'ಯಾಯಾ' ಎನ್ನುತ್ತಾರೆ. ನಾನೂ ಹಾಗೇ ಕರೆದೆ. ಅಮ್ಮ ಅದನ್ನು ಯಾಯಮ್ಮ ಮಾಡಿಕೊಂಡಳು.

ಮಗುವನ್ನು ನೋಡಲು ನಾವು ಮೊದಲ ಸಲ ಹೋದಾಗ ಅಮ್ಮ ಮಗುವಿಗಿಂತ ಮೊದಲು ನೋಡಿದ್ದು ಯಾಯಾಳ ಸೊಂಟವನ್ನು. ಅಲ್ಲಿ ಏಪ್ರನ್ನಿನ ದಾರಕ್ಕೆ ಕಟ್ಟಿದ ಗೇಣುದ್ದದ ಕಬ್ಬಿಣದ ಬೀಗದ ಕೈ ಜೋತಾಡುತ್ತಿತ್ತು.

"ಇದು ಎಂತ ಕೀ? ಇಷ್ಟು ದೊಡ್ಡದು?" ಎಂದು ಅಮ್ಮ ನನ್ನನ್ನು ಕೇಳಿದಳು. ನಾನು ಇಂಗ್ಲಿಷಿನಲ್ಲಿ ಎದುರುಮನೆಯಾಕೆಯನ್ನು ಕೇಳಿದೆ. ಅವಳು ಗ್ರೀಕಿನಲ್ಲಿ ತನ್ನ ತಾಯಿಯನ್ನು ಕೇಳಲೇ ಇಲ್ಲ, ತಾನೇ ಉತ್ತರಿಸಿದಳು: "ನಮ್ಮೂರ ಚರ್ಚಿನದು. ಮರೆತು ತಂದುಬಿಟ್ಟಿದ್ದಾಳೆ."

ಅಮ್ಮನಿಗೆ ನಾನದನ್ನು ಕನ್ನಡದಲ್ಲಿ ಹೇಳಿದೆ. ಅಮ್ಮ ಆ ಬೀಗದ ಕೈಯನ್ನೂ ಯಾಯಾಳ ಮುಖವನ್ನೂ ಒಮ್ಮೆ ನೋಡಿ, "ಇಷ್ಟುದ್ದದ್ದನ್ನು ಯಾರಾದ್ರೂ ಮರೆತು ತರ್ತಾರಾ?" ಎಂದಳು. ಅದನ್ನು ನಾನು ಅನುವಾದಿಸಲಿಲ್ಲ.

ನಾನು ಕೆಲಸ ಮಾಡುವುದು ಸರಕು ಸಾಗಣೆಯ ಕಂಪನಿಯ ಕಾಗದಪತ್ರದ ವಿಭಾಗದಲ್ಲಿ. ನೇರ ವಿಮಾನವಿಲ್ಲದ ಊರಿಗೆ ಪೆಟ್ಟಿಗೆ ಹೇಗೆ ಹೋಗುತ್ತದೆಂದು ನನಗೆ ಗೊತ್ತು. ಅಮ್ಮನ ಮಾತು ಯಾಯಾಳನ್ನು ತಲುಪುತ್ತಿದ್ದುದೂ ಹಾಗೆಯೇ. ನನ್ನಲ್ಲಿ ಒಮ್ಮೆ ಇಳಿದು, ಮಗಳಲ್ಲಿ ಇನ್ನೊಮ್ಮೆ ಇಳಿದು, ಅರ್ಧ ಸರಕು ದಾರಿಯಲ್ಲೇ ಕಳೆದು, ಉಳಿದದ್ದು ಮುಟ್ಟುತ್ತಿತ್ತು. ಆದರೂ ಆ ಇಬ್ಬರು ಮುದುಕಿಯರಿಗೆ ಹದಿನೈದು ದಿನದೊಳಗೆ ಎಂಥ ಸ್ನೇಹವಾಯಿತೆಂದರೆ, ನಾನು ಆಫೀಸಿನಿಂದ ಬರುವಾಗ ನಮ್ಮ ಮನೆಗೆ ಬೀಗ, ಅಮ್ಮ ಎದುರುಮನೆಯಲ್ಲಿ. ಮಗುವಿಗೆ ಎಣ್ಣೆ ಹಚ್ಚುವುದು ಹೇಗೆಂಬ ವಿಷಯದಲ್ಲಿ ಮಾತ್ರ ಇಬ್ಬರಿಗೂ ಭಿನ್ನಮತ. ಒಬ್ಬಳದು ತೆಂಗಿನೆಣ್ಣೆ, ಇನ್ನೊಬ್ಬಳದು ಆಲಿವ್. ಮಗು ಪಾಪ ಎರಡರಲ್ಲೂ ಮಿಂದಿತು.

ಎದುರುಮನೆಯ ಹಾಲಿನಲ್ಲಿ, ತೊಟ್ಟಿಲಿನ ಹಿಂದಿನ ಗೋಡೆಯ ಮೇಲೆ ಒಂದು ದೊಡ್ಡ ಚಿತ್ರವಿತ್ತು. ಅವರ ಹಳ್ಳಿಯ ಚರ್ಚಿನ ಗೋಡೆಯ ಮೇಲೆ ಎಂಟುನೂರು ವರ್ಷಗಳ ಹಿಂದೆ, ಬೈಜಾಂಟೈನ್ ಕಾಲದ ಯಾರೋ ಚಿತ್ರಕಾರ ಹಸಿ ಸುಣ್ಣದ ಗಾರೆಯ ಮೇಲೆ ಬರೆದದ್ದರ ಫೋಟೋ ಅದು. ಮಂಚದ ಮೇಲೆ ನೀಲಿ ಬಟ್ಟೆ ಹೊದ್ದು ಮಲಗಿದ ಹೆಂಗಸು. ಸುತ್ತಲೂ ಚಿಂತೆಯ ಮುಖದ ಗಡ್ಡದವರು. ಮಂಚದ ಹಿಂದೆ ಪ್ರಭಾವಳಿಯ ನಡುವೆ ನಿಂತ ಒಬ್ಬ, ಅವನ ಕೈಯಲ್ಲಿ ಬಿಳಿ ಬಟ್ಟೆಯಲ್ಲಿ ಬಿಗಿಯಾಗಿ ಸುತ್ತಿದ ಪುಟ್ಟ ಮಗು.

ಅಮ್ಮನಿಗೆ ಚಿತ್ರ ತುಂಬ ಹಿಡಿಸಿತು. "ನೋಡು, ಎಷ್ಟು ಚಂದ. ಹೆರಿಗೆ ಆಗಿದೆ. ಬಾಣಂತಿ ಸುಸ್ತಾಗಿ ಮಲಗಿದ್ದಾಳೆ. ಗಂಡ ಮಗುವನ್ನು ಎತ್ತಿಕೊಂಡಿದ್ದಾನೆ. ಈ ಗಡ್ಡದವರೆಲ್ಲ ಅವಳ ಅಣ್ಣಂದಿರು ಕಾಣ್ತದೆ. ತೊಟ್ಟಿಲಿನ ಮೇಲೆ ಹಾಕಲಿಕ್ಕೆ ಸರಿಯಾದ ಚಿತ್ರ."

ನಾನು ಇದನ್ನು ಅನುವಾದಿಸಿದೆ. ಎದುರುಮನೆಯಾಕೆ ನಗು ತಡೆದುಕೊಂಡು ತಾಯಿಗೆ ಹೇಳಿದಳು. ಯಾಯಾ ನಗಲಿಲ್ಲ. ಎದ್ದು ಹೋಗಿ ಚಿತ್ರದ ಮುಂದೆ ನಿಂತು, ಮೂರು ಬೆರಳು ಜೋಡಿಸಿ ಶಿಲುಬೆಯ ಗುರುತು ಮಾಡಿಕೊಂಡು, ಒಂದೊಂದನ್ನೇ ತೋರಿಸುತ್ತ ವಿವರಿಸಿದಳು. ಅದು ಹೆರಿಗೆಯಲ್ಲ, ಸಾವು. ಮಲಗಿದವಳು ಮಾತೆ ಮರಿಯ. ಗಡ್ಡದವರು ಅವಳ ಮಗನ ಶಿಷ್ಯರು. ಹಿಂದೆ ನಿಂತವನು ಅವಳ ಮಗ. ಅವನ ಕೈಯಲ್ಲಿರುವುದು ಶಿಶುವಲ್ಲ, ತಾಯಿಯ ಆತ್ಮ. ಒಂದು ಕಾಲದಲ್ಲಿ ಅವಳು ಅವನನ್ನು ಹಾಗೆ ಎತ್ತಿಕೊಂಡಿದ್ದಳು, ಈಗ ಅವನು ಅವಳನ್ನು ಎತ್ತಿಕೊಂಡಿದ್ದಾನೆ.

 ಅಮ್ಮ ಮೆಲ್ಲಗೆ ನನಗೆ ಮಾತ್ರ, "ಚಂದ ಉಂಟು. ಆದ್ರೆ ಸಾವಿನ ಚಿತ್ರವನ್ನು ಬಾಣಂತಿ ಇರುವ ಮನೆಯಲ್ಲಿ ಯಾರು ಇಡ್ತಾರೆ?" ಎಂದಳು.

ಚಿತ್ರದ ಅಡಿಯಲ್ಲಿ, ಮಂಚದ ಬಳಿ, ಇನ್ನೊಂದು ಚಿಕ್ಕ ಆಕೃತಿಯಿತ್ತು. ಮಂಚ ಮುಟ್ಟಲು ಬಂದವನೊಬ್ಬನ ಎರಡೂ ಕೈಗಳನ್ನು ದೇವದೂತ ಕತ್ತಿಯಿಂದ ಕತ್ತರಿಸಿದ್ದ. ಯಾಯಾ ಅದನ್ನು ಬಹಳ ಪ್ರೀತಿಯಿಂದ ತೋರಿಸಿದಳು. ತನ್ನದಲ್ಲದ್ದನ್ನು ಮುಟ್ಟಿದರೆ ಏನಾಗುತ್ತದೆ ನೋಡಿ ಎಂದಳು. ಹಾಗೆನ್ನುವಾಗ ಅವಳ ಕೈ ಸೊಂಟದ ಬೀಗದ ಕೈ ಮೇಲಿತ್ತು.

ಜುಲೈ ತಿಂಗಳಿಡೀ ನಾವು ಆ ಚರ್ಚಿನ ಕತೆ ಕೇಳಿದೆವು. ಹೊರಗಿನಿಂದ ನೋಡಿದರೆ ಅದು ಚರ್ಚೆಂದೇ ತಿಳಿಯುವುದಿಲ್ಲವಂತೆ. ಕಲ್ಲಿನ ಗೋಡೆ, ಹಿಮ ಜಾರಿಹೋಗಲೆಂದು ನೆಲದವರೆಗೆ ಇಳಿಬಿಟ್ಟ ಹೆಂಚಿನ ಮಾಡು, ದನದ ಕೊಟ್ಟಿಗೆಯಷ್ಟೇ ಗಾತ್ರ. ಒಳಗೆ ಹೋದರೆ ಮಾತ್ರ ಬೆರಳಿಡುವಷ್ಟು ಜಾಗವನ್ನೂ ಬಿಡದೆ ಚಿತ್ರ. ಸಂತರು, ಸಂತರ ಕುದುರೆಗಳು, ನರಕಕ್ಕೆ ಹೋಗುತ್ತಿರುವ ಪಾಪಿಗಳು. ಪಾಪಿಗಳಲ್ಲಿ ಒಬ್ಬ ತೂಕದಲ್ಲಿ ಮೋಸ ಮಾಡಿದ ಗಿರಣಿಯವನು, ಕುತ್ತಿಗೆಗೆ ಬೀಸುಕಲ್ಲು ಕಟ್ಟಿಕೊಂಡವನು. ತಮ್ಮೂರ ಗಿರಣಿಯ ಮನೆತನದವರು ಇಂದಿಗೂ ಆ ಗೋಡೆಯ ಕಡೆ ನಿಲ್ಲುವುದಿಲ್ಲ ಎಂದು ಯಾಯಾ ಹೇಳಿದಳು.

ಕೆಳಗಿನ ಸಾಲಿನ ಸಂತರಿಗೆ ಕಣ್ಣಿಲ್ಲವಂತೆ. ಯಾರೋ ಕೆರೆದು ತೆಗೆದಿದ್ದಾರೆ. ಗೈಡುಗಳು ಪ್ರವಾಸಿಗಳಿಗೆ ದಂಡೆತ್ತಿ ಬಂದ ಶತ್ರುಗಳ ಕೆಲಸವೆಂದು ಹೇಳುತ್ತಾರೆ, ಪ್ರವಾಸಿಗಳು ಶತ್ರುಗಳನ್ನು ಬೈಯುತ್ತಾರೆ. "ಶತ್ರುಗಳು ನಮ್ಮ ಹಳ್ಳಿಗೆ ಬರಲೇ ಇಲ್ಲ. ಅಷ್ಟು ದೂರ ಹತ್ತಿ ಬರಲು ಅವರಿಗೇನು ಹುಚ್ಚೇ?" ಎಂದಳು ಯಾಯಾ. ಕೆರೆದದ್ದು ಊರಿನ ಹೆಂಗಸರೇ. ಕಣ್ಣುನೋವು ಬಂದರೆ ಸಂತನ ಕಣ್ಣಿನ ಸುಣ್ಣವನ್ನು ಉಗುರಿನಿಂದ ಕೆರೆದು ನೀರಿಗೆ ಹಾಕಿ ಕುಡಿಯುವುದು ಹಿಂದಿನಿಂದ ಬಂದ ಔಷಧ. ಅವಳ ಅಜ್ಜಿಯೂ ಕೆರೆದಿದ್ದಳು. ಕೈಗೆಟುಕುವ ಎತ್ತರದ ಸಂತರೆಲ್ಲ ಹೀಗೆ ಭಕ್ತಿಯಿಂದಲೇ ಕುರುಡರಾದರು. ಮೇಲಿನ ಸಾಲಿನವರಿಗೆ ಕಣ್ಣು ಉಳಿದದ್ದು ಏಣಿ ಇಲ್ಲದ ಕಾರಣ.

ಇದೆಲ್ಲಕ್ಕಿಂತ ದೊಡ್ಡ ಕತೆ ದೀಪದ್ದು. ಕೆಲವು ವರ್ಷಗಳ ಹಿಂದೆ ಯಾಯಾ ಮೊಣಕಾಲಿನ ಆಪರೇಷನ್ನಿಗೆಂದು ಪಟ್ಟಣದ ಆಸ್ಪತ್ರೆ ಸೇರಿದ್ದಳು. ಬೀಗದ ಕೈ ಅವಳ ದಿಂಬಿನಡಿಯಲ್ಲಿತ್ತು. ಪಾದ್ರಿಗೆ ನಾಲ್ಕು ಹಳ್ಳಿಗಳ ಹೊಣೆ, ಈ ಚರ್ಚಿಗೆ ಅವರು ಬರುವುದೇ ಅಪರೂಪ. ವಾರಗಟ್ಟಲೆ ಬಾಗಿಲು ತೆರೆದಿರಲಿಲ್ಲ. ಯಾಯಾ ಕುಂಟುತ್ತ ಮರಳಿ ಬಂದು, ಜನರ ಎದುರಿಗೇ ಬೀಗ ತೆಗೆದರೆ, ಮಾತೆ ಮರಿಯಳ ಮುಂದಿನ ಎಣ್ಣೆಯ ದೀಪ ಉರಿಯುತ್ತಿತ್ತು! ನೆಲದಲ್ಲಿ ಒಂದು ಕಸವಿಲ್ಲ, ಮೂಲೆಯಲ್ಲಿ ಒಂದು ಜೇಡರ ಬಲೆಯಿಲ್ಲ. ಊರಿಗೆ ಊರೇ ಮೊಣಕಾಲೂರಿ ಅತ್ತಿತು. ಪಾದ್ರಿ ಅದರ ಮೇಲೆ ಉಪದೇಶ ಮಾಡಿದರು. ಪಕ್ಕದ ಹಳ್ಳಿಗಳಿಂದ ರೋಗಿಗಳು ಬರತೊಡಗಿದರು.

ಇದನ್ನು ಕೇಳಿ ಅಮ್ಮನ ಕಣ್ಣಲ್ಲಿ ನೀರು ಬಂತು. ಎದುರುಮನೆಯಾಕೆ ಮಾತ್ರ ಅನುವಾದದ ಕೊನೆಗೆ ತನ್ನ ಕಡೆಯಿಂದ ಹುಬ್ಬೊಂದನ್ನು ಏರಿಸಿದಳು.

ಜುಲೈ ಕೊನೆಗೆ ಫೋನುಗಳು ಶುರುವಾದವು. ಮೊದಲು ಮಾಡಿದ್ದು ಪ್ರಾಚೀನ ಕಟ್ಟಡಗಳನ್ನು ನೋಡಿಕೊಳ್ಳುವ ಇಲಾಖೆಯವರು. ಮಾಡಿನ ಹೆಂಚೊಂದು ಜಾರಿದೆ, ಗೋಡೆಗೆ ತೇವ ಬಂದಿದೆಯೇ ನೋಡಬೇಕು, ಬಾಗಿಲು ಹಳೆಯದಾದ್ದರಿಂದ ಬೀಗ ಒಡೆಯಲು ನಮ್ಮ ನಿಯಮವೇ ಬಿಡುವುದಿಲ್ಲ, ದಯವಿಟ್ಟು ಬೀಗದ ಕೈ ಕಳಿಸಿ ಎಂದರು. ಚಿತ್ರ ಹಾಳಾಗದಂತೆ ಮಾಡಿದ ನಿಯಮದಿಂದಾಗಿ ಚಿತ್ರ ಹಾಳಾಗುತ್ತಿದೆಯೇ ಎಂದು ನೋಡುವುದಕ್ಕೂ ಆಗುತ್ತಿರಲಿಲ್ಲ. ಆಮೇಲೆ ಪಾದ್ರಿ ಫೋನ್ ಮಾಡಿದರು. ಆಗಸ್ಟ್ ಹದಿನೈದು ಮಾತೆ ಮರಿಯ ತೀರಿಕೊಂಡ ದಿನ, ಅದೇ ಆ ಚರ್ಚಿನ ಹಬ್ಬ. ಬಾಗಿಲು ಹಾಕಿದ ಚರ್ಚಿನಲ್ಲಿ ಹಬ್ಬ ಮಾಡುವುದು ಹೇಗೆ?

ಯಾಯಾ ಎಲ್ಲರಿಗೂ ಒಂದೇ ಉತ್ತರ ಕೊಟ್ಟಳು. "ಮರೆತು ತಂದೆ. ಸೆಪ್ಟೆಂಬರಿಗೆ ಬರುತ್ತೇನೆ. ಎಂಟುನೂರು ವರ್ಷ ಕಾದವರು ಇನ್ನೆರಡು ತಿಂಗಳು ಕಾಯಲಿ."

ಮಗಳಿಗೆ ನಾಚಿಕೆಯಾಯಿತು. ಒಂದು ಸಂಜೆ ನಮ್ಮೆದುರಿಗೇ ತಾಯಿಯನ್ನು ತರಾಟೆಗೆ ತೆಗೆದುಕೊಂಡಳು. ಗ್ರೀಕ್ ಜಗಳ ತಿಳಿಯಲು ಗ್ರೀಕ್ ಬರಬೇಕಾಗಿಲ್ಲ. ಕೊನೆಗೆ ಯಾಯಾ ಬೀಗದ ಕೈಯನ್ನು ಮೇಜಿನ ಮೇಲೆ ಕುಕ್ಕಿ ಒಂದು ಶಬ್ದ ಹೇಳಿದಳು: "ಸಿನಿಫಾದಾ!"

"ಏನಂದರು?" ಎಂದೆ.

"ನನ್ನ ಚಿಕ್ಕಪ್ಪನ ಹೆಂಡತಿ. ಅಮ್ಮನಿಗೆ... ಇಂಗ್ಲಿಷಿನಲ್ಲಿ ಅದಕ್ಕೆ ಶಬ್ದವಿಲ್ಲ. ಗಂಡನ ತಮ್ಮನ ಹೆಂಡತಿ. ಬೀಗದ ಕೈ ಕಳಿಸಿದರೆ ಅದು ಅವಳ ಕೈಗೆ ಹೋಗುತ್ತದಂತೆ. ಅದಕ್ಕೇ ಬೇಕೆಂದೇ ತಂದದ್ದು."

ನಾನು ಅಮ್ಮನ ಕಡೆ ತಿರುಗಿ, "ಓರಗಿತ್ತಿ" ಎಂದೆ.

ಅಮ್ಮ ದೊಡ್ಡದೊಂದು ಉಸಿರು ಬಿಟ್ಟಳು. "ಹಾಗೆ ಹೇಳು ಮತ್ತೆ! ಇಷ್ಟು ದಿನ ಸುಮ್ಮನೆ ತಲೆ ಕೆಡಿಸಿದ್ದು. ಅವಳು ದೊಡ್ಡವಳಾ, ಇವಳು ದೊಡ್ಡವಳಾ ಕೇಳು."

ಕೇಳಿದೆ. ವಿಷಯ ಜಟಿಲವಿತ್ತು. ಯಾಯಾ ದೊಡ್ಡ ಮಗನ ಹೆಂಡತಿ, ಆದರೆ ವಯಸ್ಸಿನಲ್ಲಿ ಓರಗಿತ್ತಿಗಿಂತ ಚಿಕ್ಕವಳು. ಚರ್ಚಿನ ಬೀಗದ ಕೈ ಆ ಮನೆತನದ ಹಿರಿಯ ಸೊಸೆಗೆ ಬರುವುದು ವಾಡಿಕೆ. ಅತ್ತೆ ಸಾಯುವಾಗ ಅದನ್ನು ಯಾಯಾಳ ಕೈಗಿಟ್ಟಿದ್ದಳು. ತಾನು ವಯಸ್ಸಿನಲ್ಲಿ ಹಿರಿಯಳು ಎಂದು ಓರಗಿತ್ತಿ ಅವತ್ತೇ ಹೇಳಿದಳು. ಅಂದಿನಿಂದ ಇಬ್ಬರಿಗೂ ಮಾತಿಲ್ಲ. ಮನೆಗಳ ನಡುವೆ ಒಂದೇ ಗೋಡೆ.

"ಕಷ್ಟ" ಎಂದಳು ಅಮ್ಮ. ಕಾನೂನು ತಿಳಿದವರು ಮೊಕದ್ದಮೆ ಕೇಳಿ ಹೇಳುವ ಹಾಗಿತ್ತು. "ಇಬ್ಬರದ್ದೂ ಸರಿ ಉಂಟು."

ಮರುದಿನ ಎದುರುಮನೆಯಾಕೆ ನನ್ನ ಬಳಿ ಬಂದು, ತಾಯಿಯ ಕಣ್ಣು ತಪ್ಪಿಸಿ ಕೊರಿಯರ್ ಮಾಡಲಾದೀತೇ ಎಂದು ಕೇಳಿದಳು. ಸೊಂಟದಲ್ಲಿರುವುದನ್ನು ಕಣ್ಣು ತಪ್ಪಿಸಿ ತೆಗೆಯುವುದು ಹೇಗೆ? ನನಗೆ ತೋಚಿದ್ದು ಒಂದೇ, ಅಮ್ಮನಿಗೆ ಹೇಳುವುದು.

ಅಷ್ಟರಲ್ಲಿ ಆಗಸ್ಟ್ ಬಂದಿತ್ತು. ಹಬ್ಬದ ಹಿಂದಿನ ಎರಡು ವಾರ ಅವರಿಗೆ ವ್ರತ. ಮಾಂಸವಿಲ್ಲ, ಮೊಟ್ಟೆಯಿಲ್ಲ, ಹಾಲಿಲ್ಲ. ಅಮ್ಮನಿಗೆ ಇದಕ್ಕಿಂತ ಸಂತೋಷದ ಸುದ್ದಿ ಇರಲಿಲ್ಲ. ನಮ್ಮಲ್ಲೂ ಆಟಿ ತಿಂಗಳು, ಮಳೆಗಾಲದ ಸೊಪ್ಪು ಎಲೆಗಳ ಅಡುಗೆಯ ಕಾಲ. ಕರಾಮಾದ ಅಂಗಡಿಯಿಂದ ಕೆಸುವಿನೆಲೆ ತರಿಸಿ ಪತ್ರೊಡೆ ಬೇಯಿಸಿದಳು. ಎದುರುಮನೆಯಿಂದ ದ್ರಾಕ್ಷಿ ಎಲೆಯಲ್ಲಿ ಅನ್ನ ಸುತ್ತಿ ಬೇಯಿಸಿದ ತಿಂಡಿ ಬಂತು. "ಇದು ನಮ್ಮ ಪತ್ರೊಡೆಯ ತಂಗಿ" ಎಂದು ಅಮ್ಮ ಒಪ್ಪಿಕೊಂಡಳು. "ಉಪ್ಪು ಹುಳಿ ಖಾರ ಒಂದೂ ಇಲ್ಲ, ಆದ್ರೂ ತಂಗಿಯೇ."

ಆ ಪತ್ರೊಡೆ ತಿನ್ನುವ ಹೊತ್ತಿಗೇ ಅಮ್ಮ ವಿಷಯ ತೆಗೆದಳು. ನನ್ನನ್ನೂ ಎದುರುಮನೆಯಾಕೆಯನ್ನೂ ಅಕ್ಕಪಕ್ಕ ಕೂರಿಸಿಕೊಂಡು, "ಒಂದು ಶಬ್ದ ಬಿಡಬೇಡಿ, ಇಬ್ಬರಿಗೂ ಹೇಳಿದ್ದೇನೆ" ಎಂದು ಎಚ್ಚರಿಸಿದಳು.

"ಯಾಯಮ್ಮ, ಕೀ ನೀನು ಕೊಡದಿದ್ರೆ ಹಬ್ಬ ನಿಲ್ತದೆ. ಊರಿನವರು ಯಾರಿಗೆ ಬೈತಾರೆ? ನಿನಗೆ. ಆಗ ಗೆದ್ದದ್ದು ಅವಳು. ನೀನೇ ಕಳಿಸಿದ್ರೆ? ಸಮುದ್ರದ ಆಚೆಯಿಂದ ನಿನ್ನ ಕೀ ಬರುವ ತನಕ ಊರು ಪೂರ್ತಿ ಬಾಗಿಲಲ್ಲಿ ಕಾಯ್ತದೆ. ಅವಳೂ ಕಾಯ್ತಾಳೆ. ಕೊಡುವವಳ ಕೈ ಮೇಲೆ, ತಕ್ಕೊಳ್ಳುವವಳ ಕೈ ಕೆಳಗೆ. ಅವಳ ಹೆಸರಿಗೆ ಯಾಕೆ ಕಳಿಸುದು? ಪಾದ್ರಿ ಹೆಸರಿಗೆ ಕಳಿಸು."

ಮಾತು ಎರಡು ಕಡೆ ಇಳಿದು ಹತ್ತಿ ಯಾಯಾಳನ್ನು ಮುಟ್ಟಿತು. ಅವಳು ಪತ್ರೊಡೆಯ ಚೂರನ್ನು ಬಹಳ ಹೊತ್ತು ಅಗಿದಳು. ಆಮೇಲೆ ಏಪ್ರನ್ನಿನ ದಾರ ಬಿಚ್ಚಿದಳು.

ನಾನು ನನ್ನ ಆಫೀಸಿನ ಮೂಲಕವೇ ಕಳಿಸುವ ವ್ಯವಸ್ಥೆ ಮಾಡಿದೆ. ಕಾಗದದಲ್ಲಿ ನಾವು ಸಾಮಾನ್ಯವಾಗಿ ಬರೆಯುವಂತೆ 'ಬಳಸಿದ ಕಬ್ಬಿಣದ ಬೀಗದ ಕೈ, ವಾಣಿಜ್ಯ ಮೌಲ್ಯವಿಲ್ಲ' ಎಂದು ಬರೆದೆ. ಮಗಳು ಅದನ್ನು ಓದಿ ಹೇಳಿದ್ದೇ ತಡ, ಯಾಯಾ ಬೀಗದ ಕೈಯನ್ನು ಕಸಿದುಕೊಂಡಳು.

"ಮೌಲ್ಯವಿಲ್ಲವೇ? ಯಾರು ಹೇಳಿದ್ದು?"

"ಇದು ಬರೀ ಒಕ್ಕಣೆ ಯಾಯಾ. ಹೀಗೆ ಬರೆದರೆ ಯಾರೂ ತಡೆಯುವುದಿಲ್ಲ, ಬೇಗ ಮುಟ್ಟುತ್ತದೆ" ಎಂದು ನಾನು ಬೇಡಿಕೊಂಡೆ.

ಕೇಳಲಿಲ್ಲ. ತಾನು ಹೇಳಿದ ಹಾಗೆ ಬರೆಯಬೇಕು, ಇಲ್ಲದಿದ್ದರೆ ಬೇಡ. ಅವಳು ಹೇಳಿದಂತೆ ಕೊನೆಗೆ ಬರೆದದ್ದು ಹೀಗೆ: ಮಾತೆ ಮರಿಯಳ ಪುರಾತನ ದೇವಾಲಯದ ಅತ್ಯಂತ ಹಳೆಯ, ಬೆಲೆ ಕಟ್ಟಲಾಗದ ಬೀಗದ ಕೈ. ಇಷ್ಟು ವರ್ಷದ ನೌಕರಿಯಲ್ಲಿ ನಾನು ಬರೆದ ಅತಿ ಸತ್ಯವಾದ ವಿವರಣೆ ಅದೇ ಇರಬೇಕು. ಏನಾಗುತ್ತದೆಂದು ನನಗೆ ಬರೆಯುವಾಗಲೇ ಗೊತ್ತಿತ್ತು. ಹಾಗೇ ಆಯಿತು. ಕೈಚೀಲದಲ್ಲಿ ಯಾರ ಪ್ರಶ್ನೆಯೂ ಇಲ್ಲದೆ ದ್ವೀಪ ಬಿಟ್ಟು ಬಂದ ಬೀಗದ ಕೈ, ಮರಳಿ ದ್ವೀಪದಲ್ಲಿ ಇಳಿದ ಕೂಡಲೇ ಪ್ರಾಚ್ಯ ವಸ್ತುವೆಂದು ತಡೆಹಿಡಿಯಲ್ಪಟ್ಟಿತು. ಇದು ಯಾರದು, ಯಾಕೆ ಹೊರಗೆ ಹೋಗಿತ್ತು, ಪರವಾನಗಿ ಎಲ್ಲಿ? ಪಾದ್ರಿ ಪಟ್ಟಣಕ್ಕೂ ಹಳ್ಳಿಗೂ ಅಲೆದರು. ಹಬ್ಬ ಹತ್ತಿರ ಬಂದರೂ ಬೀಗದ ಕೈ ಬಿಡುಗಡೆಯಾಗಲಿಲ್ಲ.

"ಖಲಾಸ್" ಎಂದಳು ಎದುರುಮನೆಯಾಕೆ.

ಯಾಯಾ ಹಬ್ಬದ ಹಿಂದಿನ ಎರಡು ದಿನ ಊಟ ಸರಿಯಾಗಿ ಮಾಡಲಿಲ್ಲ. ತನ್ನಿಂದ ಹಬ್ಬ ನಿಂತಿತು ಎನ್ನುವ ದುಃಖ ನಿಜವಾದದ್ದು. ಚಿತ್ರದ ಮುಂದೆ ಕುರ್ಚಿ ಹಾಕಿಕೊಂಡು ಕೂತಳು. ಅಮ್ಮ ಪಕ್ಕದಲ್ಲಿ ಇನ್ನೊಂದು ಕುರ್ಚಿ ಹಾಕಿಕೊಂಡಳು. ಅವರ ನಡುವೆ ಆಗ ಅನುವಾದಕ್ಕೆ ಕೆಲಸವಿರಲಿಲ್ಲ.

ಆಗಸ್ಟ್ ಹದಿನೈದರ ಬೆಳಿಗ್ಗೆ ನಾನೂ ಅಮ್ಮನೂ ಧ್ವಜಾರೋಹಣಕ್ಕೆ ಹೋಗಿ ಬಂದೆವು. ಅಮ್ಮನ ಸೆರಗಿಗೆ ಚುಚ್ಚಿದ ತ್ರಿವರ್ಣದ ಬ್ಯಾಜನ್ನು ತೆಗೆದೂ ಇರಲಿಲ್ಲ, ಅಷ್ಟರಲ್ಲಿ ಎದುರುಮನೆಯ ಬಾಗಿಲು ತೆರೆದು ಮಗಳು ಕೂಗಿದಳು, "ಬೇಗ ಬನ್ನಿ!"

ಊರಿನಿಂದ ಅವಳ ಚಿಕ್ಕಪ್ಪನ ಮಗ ವಿಡಿಯೋ ಕಾಲ್ ಮಾಡಿದ್ದ. ಅವಳು ಅದನ್ನು ಟಿವಿಯ ಪರದೆಗೆ ಹಾಕಿದ್ದಳು. ಪರದೆಯ ತುಂಬ ಮೇಣದ ಬತ್ತಿಗಳು, ಹೊಗೆ, ಕಪ್ಪು ಬಟ್ಟೆಯ ಹೆಂಗಸರ ಬೆನ್ನುಗಳು. ಆ ಬೆನ್ನುಗಳ ಮೇಲೆ, ಹೊಗೆಯೊಳಗಿನಿಂದ, ಮುಖಗಳು. ನೂರಾರು ಮುಖಗಳು. ಉದ್ದ ಮೂಗು, ಚಿಕ್ಕ ಬಾಯಿ, ದೊಡ್ಡ ಕಣ್ಣು. ಬತ್ತಿ ಅಲುಗಿದಾಗ ಎಲ್ಲರೂ ಒಟ್ಟಿಗೆ ಉಸಿರೆಳೆದಂತೆ ಕಾಣುತ್ತಿತ್ತು. ಕೆಳಗಿನ ಸಾಲಿನವರು ಕಣ್ಣಿದ್ದಲ್ಲಿ ಎರಡು ಬಿಳಿ ಕಲೆಗಳೊಡನೆ, ಯಾರ ಮೇಲೂ ದೂರಿಲ್ಲದವರಂತೆ, ಜನರ ನಡುವೆಯೇ ಸೇರಿಕೊಂಡು ನಿಂತಿದ್ದರು. ಅಷ್ಟು ದಿನ ಕೇಳಿದ ಕತೆಗಳಲ್ಲಿ ನಾನು ತುಸು ಉತ್ಪ್ರೇಕ್ಷೆ ಇರಬಹುದೆಂದು ಎಣಿಸಿದ್ದೆ. ಅವಳು ಹೇಳಿದ್ದು ಕಡಿಮೆಯೇ.

ಅಂದರೆ ಚರ್ಚು ತೆರೆದಿತ್ತು.

ನಮಗಿದು ಹೊಳೆಯುವ ಮೊದಲೇ ಯಾಯಾ ಎದ್ದು ನಿಂತು ಪರದೆಗೆ ಏನೋ ಆಜ್ಞೆ ಮಾಡಿದಳು. ಹುಡುಗ ಫೋನನ್ನು ಬಾಗಿಲಿನತ್ತ ತಿರುಗಿಸಿದ. ಬಾಗಿಲು ಸರಿಯಾಗಿತ್ತು, ಬೀಗ ಸರಿಯಾಗಿತ್ತು, ಬೀಗದಲ್ಲಿ ಒಂದು ಬೀಗದ ಕೈ ಇತ್ತು. ಗೇಣುದ್ದದ್ದು. ಆದರೆ ಹೊಳೆಯುತ್ತಿತ್ತು.

ಪರದೆಯ ಮೇಲೆ ಒಬ್ಬ ಮುದುಕಿಯ ಮುಖ ಬಂತು. ಫೋನನ್ನು ಹುಡುಗನ ಕೈಯಿಂದ ಅವಳೇ ತೆಗೆದುಕೊಂಡಿರಬೇಕು, ಅರ್ಧ ಪರದೆಗೆ ಅವಳ ಹೆಬ್ಬೆರಳು. ಎದುರುಮನೆಯಾಕೆ ನನ್ನ ಕೈ ಹಿಡಿದು ಪಿಸುದನಿಯಲ್ಲಿ ಅನುವಾದಿಸತೊಡಗಿದಳು.

"ಬಾಗಿಲು ಯಾರು ತೆಗೆದದ್ದು?" ಯಾಯಾ ಕೇಳಿದಳು.

"ನಾನು."

"ಯಾವ ಬೀಗದ ಕೈಯಿಂದ?"

"ನನ್ನದರಿಂದ."

"ನಿನಗೆ ಎಂದಿನಿಂದ?"

"ನಿನ್ನ ಗಂಡ ಹೋದ ದಿನ. ನಿನಗೆ ಮೈಮೇಲೆ ಎಚ್ಚರವಿರಲಿಲ್ಲ, ನಿನ್ನದು ಮೊಳೆಯಲ್ಲಿ ನೇತಾಡುತ್ತಿತ್ತು. ಕಮ್ಮಾರನ ಹತ್ತಿರ ಒಯ್ದು ಅಚ್ಚು ತೆಗೆಸಿ, ಬಂದವರಿಗೆ ಕಾಫಿ ಕೊಡುವ ಮುಂಚೆ ಮೊಳೆಗೆ ಹಾಕಿದೆ."

ಚರ್ಚಿನೊಳಗೆ ಯಾರೋ ಹಾಡುತ್ತಿದ್ದರು.  ಯಾಯಾ ಬಹಳ ಸಣ್ಣ ದನಿಯಲ್ಲಿ ಕೇಳಿದಳು:

"ಹಾಗಾದರೆ ದೀಪ?"

ಓರಗಿತ್ತಿ ಉತ್ತರಿಸುವ ಮೊದಲು ಆಚೀಚೆ ನೋಡಿದಳು. "ಯಾರಾದರೂ ಎಣ್ಣೆ ಹಾಕಬೇಕಿತ್ತಲ್ಲ" ಎಂದಳು.

ಯಾಯಾ ರಿಮೋಟ್ ಎತ್ತಿ ಟಿವಿ ಆರಿಸಿದಳು.

ನಾನು ಅಮ್ಮನಿಗೆ ಎಲ್ಲ ಹೇಳಿ ಮುಗಿಸಿದೆ. ಆ ಓರಗಿತ್ತಿಯ ಸ್ಥಿತಿಯನ್ನು ಯೋಚಿಸಿದರೆ ನನಗೇ ಒಂಥರಾ ಆಯಿತು. ಆಸ್ಪತ್ರೆಯಲ್ಲಿದ್ದ ಯಾಯಾಳಿಗಾಗಿ ದಿನವೂ ಕದ್ದು ಹೋಗಿ ಗುಡಿಸಿ, ದೀಪ ಹಚ್ಚಿ ಬಂದವಳು ಅವಳು. ಊರೆಲ್ಲ ಅದನ್ನು ಪವಾಡವೆಂದು ಮೊಣಕಾಲೂರಿದಾಗ ತಾನೂ ಜೊತೆಗೆ ಮೊಣಕಾಲೂರಬೇಕಾಯಿತು. ತಾನೇ ಮಾಡಿದ್ದು ಎನ್ನಬೇಕಾದರೆ ಕಳ್ಳ ಬೀಗದ ಕೈ ತೋರಿಸಬೇಕು. ತನ್ನ ಪುಣ್ಯವನ್ನು ಮಾತೆ ಮರಿಯಳ ಲೆಕ್ಕಕ್ಕೆ ಬಿಟ್ಟುಕೊಟ್ಟು ಅಷ್ಟು ವರ್ಷ ಬಾಯಿಮುಚ್ಚಿ ಕೂತಿದ್ದಳು. ಈ ಸಲವೂ ಹಬ್ಬದ ಬೆಳಗಿನವರೆಗೆ ಸುಮ್ಮನಿದ್ದಳಂತೆ. ಪಾದ್ರಿ ಮುಚ್ಚಿದ ಬಾಗಿಲ ಮುಂದೆ ಮೆಟ್ಟಿಲ ಮೇಲೆ ಪೂಜೆಗೆ ಅಣಿಮಾಡಿಕೊಳ್ಳುವುದನ್ನು ನೋಡಲಾಗದೆ ಮನೆಗೆ ಹೋಗಿ ತಂದು ಬಾಗಿಲು ತೆಗೆದಳು. ಊರಿನವರು ಯಾರೂ ಒಂದು ಪ್ರಶ್ನೆ ಕೇಳಲಿಲ್ಲ. ಹಬ್ಬದ ಊಟಕ್ಕೆ ತಡವಾಗುತ್ತಿತ್ತು.

ಯಾಯಾ ಮೂರು ದಿನ ಯಾರೊಡನೆಯೂ ಮಾತಾಡಲಿಲ್ಲ. ಮಗುವನ್ನು ಮಾತ್ರ ಎತ್ತಿಕೊಂಡು ತಿರುಗಿದಳು. ನಾಲ್ಕನೆಯ ದಿನ ತಾನೇ ನಮ್ಮ ಮನೆಗೆ ಬಂದು ಅಮ್ಮನ ಎದುರು ಕೂತಳು. ಹಿಂದೆ ಮಗಳೂ ಬಂದಳು.

"ಅದು ಪವಾಡವೇ ಅಲ್ಲ" ಎಂದಳು ಯಾಯಾ. "ಇಷ್ಟು ಜನರಿಗೆ ಸುಳ್ಳು ಹೇಳಿಬಿಟ್ಟೆ."

ಅಮ್ಮನಿಗೆ ಸಿಟ್ಟು ಬಂತು. "ಯಾರು ಹೇಳಿದ್ದು ಅಲ್ಲ ಅಂತ? ಒಬ್ಬ ಹೆಂಗಸು ಅಷ್ಟು ದೊಡ್ಡ ಕೆಲಸ ಮಾಡಿ, ನಾನು ಮಾಡಿದ್ದು ಅಂತ ಇಷ್ಟು ವರ್ಷ ಒಬ್ಬರಿಗೂ ಹೇಳದೆ ಕೂತಿದ್ದಾಳೆ. ಅದೂ ಓರಗಿತ್ತಿ! ಇದಕ್ಕಿಂತ ದೊಡ್ಡ ಪವಾಡ ಎಂತ ಬೇಕು ಮಾರಾಯ್ತಿ ನಿನಗೆ?"

ಎದುರುಮನೆಯಾಕೆ ಇದನ್ನು ಅನುವಾದಿಸುವಾಗಲೇ ನಗತೊಡಗಿದಳು. ಯಾಯಾ ಒಂದು ಕ್ಷಣ ಅಮ್ಮನನ್ನೇ ನೋಡಿದಳು. ಮೊದಲು ಅವಳ ಭುಜ ಕುಲುಕಿತು. ಆಮೇಲೆ ನಕ್ಕ ನಗುವಿಗೆ ಆಚೆ ಮನೆಯಲ್ಲಿ ಮಲಗಿದ್ದ ಮಗು ಎದ್ದು ಅತ್ತಿತು.

ಆ ಸಂಜೆ ಅವಳು ಊರಿಗೆ ಫೋನ್ ಮಾಡಿದಳು. ಕ್ಷಮೆ ಕೇಳಲು ಎಂದು ನಾವು ಭಾವಿಸಿದ್ದೆವು. ಅವಳು ಕೇಳಿದ್ದು, ಹಬ್ಬದ ದಿನ ಮೇಣದ ಬತ್ತಿಗಳನ್ನು ಗೋಡೆಗೆ ಅಷ್ಟು ಹತ್ತಿರ ಇಟ್ಟದ್ದು ಯಾಕೆ, ಹೊಗೆಗೆ ಚಿತ್ರ ಕಪ್ಪಾಗುವುದಿಲ್ಲವೇ ಎಂದು. ಆಚೆಯವಳೂ ಬಿಡಲಿಲ್ಲ. ಮಾತು ಬಿಟ್ಟು ಇಷ್ಟು ವರ್ಷ ಕಳೆದವರು ಮರುದಿನದಿಂದ ದಿನಾ ಜಗಳವಾಡಿದರು, ಫೋನಿನ ಚಾರ್ಜ್ ಮುಗಿಯುವವರೆಗೆ.

ಅಸಲು ಬೀಗದ ಕೈ ಹಳ್ಳಿಗೆ ಮರಳಲೇ ಇಲ್ಲ. ಪರೀಕ್ಷೆ ಮಾಡಿದ ಪರಿಣತರು ಅದು ಕಾಗದದಲ್ಲಿ ಬರೆದಿರುವಂತೆ ನಿಜಕ್ಕೂ ಪುರಾತನ, ಬೆಲೆ ಕಟ್ಟಲಾಗದ್ದು ಎಂದು ಒಪ್ಪಿ, ಪಟ್ಟಣದ ಪುಟ್ಟ ಮ್ಯೂಸಿಯಮ್ಮಿನ ಗಾಜಿನ ಪೆಟ್ಟಿಗೆಯಲ್ಲಿಟ್ಟರು. ಯಾಯಾ ಸೆಪ್ಟೆಂಬರಿನಲ್ಲಿ ಊರಿಗೆ ಹೋದವಳು ನೆಂಟರಿಷ್ಟರನ್ನೆಲ್ಲ ಬಸ್ಸಿನಲ್ಲಿ ಕರೆದುಕೊಂಡು ಹೋಗಿ ತೋರಿಸಿದಳಂತೆ. ಬಾಗಿಲು ತೆರೆಯುತ್ತಿದ್ದುದು ಮಾತ್ರ ಓರಗಿತ್ತಿಯ ಹೊಳೆಯುವ ಬೀಗದ ಕೈ. ಹೆಂಚು ಸರಿಮಾಡಿದರು, ಗೋಡೆಗೆ ಅಂಥ ತೇವವೇನೂ ಬಂದಿರಲಿಲ್ಲ.

ಅಮ್ಮನೂ ಅದೇ ತಿಂಗಳು ಹೋದಳು. ಹೊಸ ಅಡುಗೆಮನೆಯಲ್ಲಿ ಒಲೆಯ ದಿಕ್ಕು ತಪ್ಪಾಗಿದೆ ಎಂದು ಹೋದ ದಿನವೇ ಫೋನ್ ಮಾಡಿದಳು.

ಮರುವರ್ಷದ ಚಳಿಗಾಲದಲ್ಲಿ, ಮಗುವಿನ ಮೊದಲ ಹುಟ್ಟುಹಬ್ಬ ಮುಗಿದು ಎಷ್ಟೋ ಸಮಯವಾದ ಮೇಲೆ ಯಾಯಾ ಮತ್ತೆ ಬಂದಳು. ಜೊತೆಗೆ ಓರಗಿತ್ತಿ. ಇಬ್ಬರೂ ಕಪ್ಪು ಬಟ್ಟೆ, ಇಬ್ಬರ ತಲೆಗೂ ಕಪ್ಪು ವಸ್ತ್ರ. ವಿಮಾನದಲ್ಲಿ ಕಿಟಕಿಯ ಸೀಟು ಯಾರದ್ದಾಗಬೇಕಿತ್ತು ಎಂಬ ಮಾತು ನಮ್ಮ ಲಿಫ್ಟಿನಲ್ಲೂ ಮುಗಿದಿರಲಿಲ್ಲ. ಒಂದು ಶನಿವಾರ ನನ್ನ ಗಂಡ ಎಲ್ಲರನ್ನೂ ಅಬುಧಾಬಿಗೆ ಕರೆದುಕೊಂಡು ಹೋದರು. ದೊಡ್ಡ ಮಸೀದಿಯ ಬಾಗಿಲಲ್ಲಿ ನನಗೆ ಮಾತ್ರ ಬಟ್ಟೆ ಸಾಲದೆಂದು ಅಬಾಯಾ ನಿಲುವಂಗಿ ಹಾಕಿಸಿದರು. ಆ ಇಬ್ಬರು ಮುದುಕಿಯರು ಅಲ್ಲಿಯವರೇ ಎನ್ನುವ ಹಾಗೆ ಸರಸರ ಒಳಗೆ ನಡೆದರು.

ಒಳಗೆ ಬಿಳಿ ಗೋಡೆ, ಗೋಡೆಯುದ್ದಕ್ಕೂ ಕಲ್ಲಿನ ಹೂಬಳ್ಳಿ. ಓರಗಿತ್ತಿ ಕತ್ತೆತ್ತಿ ಬಹಳ ಹೊತ್ತು ನೋಡಿದಳು. "ಹೂವು ಚೆನ್ನಾಗಿದೆ" ಎಂದಳು. "ಆದರೆ ಇಷ್ಟು ದೊಡ್ಡ ಗೋಡೆಯಲ್ಲಿ ನಮ್ಮನ್ನು ನೋಡುವವರು ಒಬ್ಬರೂ ಇಲ್ಲವಲ್ಲ."

"ಅದಕ್ಕೇ ನಿನಗೆ ಇಲ್ಲಿ ಹಾಯೆನಿಸುತ್ತಿರುವುದು" ಎಂದಳು ಯಾಯಾ.

ಸಂಜೆ ಖಾಲಿದಿಯಾದಲ್ಲಿ ಚಹಾ ಕುಡಿಯುತ್ತ ಇವರಿಬ್ಬರ ಫೋಟೋ ತೆಗೆದು ಅಮ್ಮನಿಗೆ ಕಳಿಸಿದೆ. ಐದು ನಿಮಿಷದೊಳಗೆ ಅಮ್ಮನ ಫೋನ್ ಬಂತು.

"ಇಬ್ಬರೂ ಒಟ್ಟಿಗೆ ಬಂದದ್ದಾ? ಮತ್ತೆ ಅಲ್ಲಿ ಚರ್ಚಿನ ಕೀ ಯಾರ ಹತ್ತಿರ?"

"ಪಾದ್ರಿಯ ಹತ್ತಿರ ಕೊಟ್ಟು ಬಂದಿದ್ದಾರಂತೆ."



"ಗಂಡಸಿನ ಕೈಯಲ್ಲಿ ಕೊಟ್ಟು ಬಂದ್ರಾ? ದೀಪಕ್ಕೆ ಎಣ್ಣೆ ಹಾಕ್ತಾರಾ ಅವರು? ನೀನು ಕೇಳು ಅವರಿಬ್ಬರನ್ನು. ಈಗಲೇ ಕೇಳು."